ಕಾಲುವೆ ದಂಡೆಯ ಮನೆಗೆ ಕಾವಲು

ಆಮ್‌ಸ್ಟರ್‌ಡಾಮ್
14 ಸೆಪ್ಟೆಂಬರ್ 1980

ಪ್ರಿಯ ರೈಂಡರ್,

ಅಂತೂ ನಿನ್ನ ಮನೆಯ ಬೀಗದ ಕೈ ನನ್ನ ಕೋಟಿನ ಜೇಬಿಗೆ ಬಂತು. ನಿನ್ನ ಪರವಾಗಿ ಸಹಿ ಹಾಕುವಾಗ ಆ ನೋಟರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಕೊಂಡೋರು ಮನೆ ನೋಡಿದಾರೇನಮ್ಮಾ?" ಅಂದ. "ಫೋಟೋ ನೋಡಿದಾನೆ," ಅಂದೆ. "ಈಗ ಎಲ್ಲಿದಾರೆ?" "ಸುರಬಾಯಾದಲ್ಲಿ. ಬಂದರಿನ ಹೂಳು ಎತ್ತಿಸ್ತಾನೆ." "ಇಲ್ಲಿಗೇ ಬರಬಹುದಿತ್ತಲ್ಲ, ನಮ್ಮ ಕಾಲುವೇಲಿ ಹೂಳಿಗೇನು ಬರವೇ?" ಅಂದ. ಈ ಊರಿನವರ ನಾಲಿಗೆಯೇ ಹಾಗೆ. ನಮ್ಮ ಡೆಲ್ಫ್‌ಸೈಲಿನಲ್ಲಿ ಇಷ್ಟು ಮಾತಾಡಲು ಜನಕ್ಕೆ ಒಂದು ವಾರ ಬೇಕು.

ಮನೆ ದೊಡ್ಡದು ಕಣೋ. ಫೋಟೋದಲ್ಲಿ ತಿಳಿಯುವುದಿಲ್ಲ. ಮುಂದಿನ ಕೋಣೆಯಲ್ಲಿ ಕೆಮ್ಮಿದರೆ ಹಿಂದಿನ ಕೋಣೆಯಲ್ಲಿ ಇನ್ಯಾರೋ ಕೆಮ್ಮಿದಂತೆ ಕೇಳುತ್ತದೆ. ಮುನ್ನೂರು ವರ್ಷದ ಹಿಂದೆ ಯಾವನೋ ಮೆಣಸಿನ ವ್ಯಾಪಾರಿ ಕಟ್ಟಿಸಿದ್ದಂತೆ. ಚಾವಣಿಯಲ್ಲಿ ಮೋಡ ಬರೆಸಿ, ಮೋಡದ ಮೇಲೆ ದೇವದೂತರನ್ನು ಕೂರಿಸಿದ್ದಾನೆ. ಒಬ್ಬನ ಮೂಗು ಉದುರಿದೆ. ಕಿಟಕಿಗಳು ನೆಲದಿಂದ ಶುರುವಾಗಿ ನನ್ನ ಕೈಗೆಟುಕದಷ್ಟು ಎತ್ತರಕ್ಕೆ ಹೋಗುತ್ತವೆ. ಅವನ್ನು ತೊಳೆಯುವವರು ಯಾರು ಎಂದು ನೀನು ಯೋಚಿಸಿಲ್ಲ, ಅದು ನನಗೆ ಗೊತ್ತು.

ನೀನು ಹೇಳಿದ್ದು ನಿಜ. ಈ ಊರಲ್ಲಿ ಮನೆಗೆ ಬೀಗ ಹಾಕಿ ಹೋಗುವಂತಿಲ್ಲ. ಖಾಲಿ ಬಿದ್ದಿದೆ ಎಂದು ಗೊತ್ತಾದರೆ ಸಾಕು, ಮನೆ ಇಲ್ಲದವರು ಗುಂಪಾಗಿ ಬಂದು ಬೀಗ ಮುರಿದು ಹೊಕ್ಕುಬಿಡುತ್ತಾರೆ. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ ಒಳಗಿಟ್ಟರೆ ಆಯಿತು, ಅದು ಅವರ ವಾಸದ ಮನೆ. ಕೋರ್ಟಿನ ಚೀಟಿ ಇಲ್ಲದೆ ಪೊಲೀಸರೂ ಮುಟ್ಟುವುದಿಲ್ಲ. ಅದಕ್ಕೆ ನಾನೇ ಮಂಚ, ಮೇಜು ತಂದು ಹಾಕಿಕೊಂಡು ಕೂತಿದ್ದೇನೆ. ಕುರ್ಚಿ ಬರುವ ವಾರ ಬರುತ್ತದೆ.

ಕ್ರಿಸ್‌ಮಸ್‌ವರೆಗೆ ತಾನೆ, ಕಾಯುತ್ತೇನೆ. ಮುಂದಿನ ಕೋಣೆ ನಿನ್ನದು, ಹಿಂದಿನದು ನನ್ನದು, ಅಡುಗೆಮನೆ ಇಬ್ಬರದು ಎಂದು ನೀನು ಬರೆದಿದ್ದ ಕಾಗದವನ್ನು ಎಷ್ಟು ಸಲ ಓದಿದ್ದೇನೋ. ನಮ್ಮವರು ತೀರಿಕೊಂಡ ಮೇಲೆ ಒಬ್ಬಳೇ ಉಂಡು ಉಂಡು ಊಟದ ರುಚಿಯೇ ಹೋಗಿದೆ. ಬೇಗ ಬಾ.

ನಿನ್ನ ಅಕ್ಕ,
ಫೆನ್ನಾ


ಸುರಬಾಯಾ
2 ಅಕ್ಟೋಬರ್ 1980

ಪ್ರೀತಿಯ ಅಕ್ಕಾ,

ನಿನ್ನ ಕಾಗದವನ್ನು ಹಡಗಿನ ಮೇಲೆ ಎಲ್ಲರಿಗೂ ಓದಿ ಹೇಳಿದೆ. ಮೂಗಿಲ್ಲದ ದೇವದೂತನ ಹೆಸರಲ್ಲಿ ಎಲ್ಲರೂ ಒಂದೊಂದು ಬಿಯರ್ ಕುಡಿದರು. ಮೂವತ್ತು ವರ್ಷ ಕಂಡವರ ಬಂದರಿನ ಕೆಸರಲ್ಲಿ ನಿಂತವನಿಗೆ ಅಂಥ ಚಾವಣಿಯ ಕೆಳಗೆ ಮಲಗುವ ಯೋಗ ಇದೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ಒಂದೆರಡು ಮಾತು. ಮುಂದಿನ ಕೋಣೆಯ ಅಗ್ಗಿಷ್ಟಿಕೆ ಹೊತ್ತಿಸಬೇಡ, ಹೊಗೆ ಹಿಡಿದರೆ ಚಿತ್ರ ಹಾಳಾಗುತ್ತದೆ. ಅದರ ಅಮೃತಶಿಲೆ ಬಿಳಿಯೋ, ಎಳೆ ಇರುವ ಬೂದಿ ಬಣ್ಣದ್ದೋ ನೋಡಿ ಬರೆ. ಕಿಟಕಿಯ ಹಳೆಯ ಗಾಜು ಅಲೆ ಅಲೆಯಾಗಿದೆಯಲ್ಲ, ಅದನ್ನು ಯಾರಿಗೂ ಬದಲಾಯಿಸಲು ಬಿಡಬೇಡ.

ಡಿಸೆಂಬರಿಗೆ ಬಂದೇ ಬರುತ್ತೇನೆ. ಇಲ್ಲಿ ಮೈಗೆ ಪರವಾಗಿಲ್ಲ. ಕ್ಯಾಂಟೀನು ನಡೆಸುವ ಲಸ್ತ್ರಿ ಎಂಬ ಹೆಂಗಸು ಕೋಳಿ ಸಾರು ಚೆನ್ನಾಗಿ ಮಾಡುತ್ತಾಳೆ, ಅದರಿಂದಲೇ ಬದುಕಿದ್ದೇನೆ.

ನಿನ್ನ ರೈಂಡರ್


ಆಮ್‌ಸ್ಟರ್‌ಡಾಮ್
11 ನವೆಂಬರ್ 1980

ಪ್ರಿಯ ರೈಂಡರ್,

ಅಮೃತಶಿಲೆ ಬೂದಿ ಬಣ್ಣದ್ದು. ಎಳೆಯೂ ಇದೆ, ಬಿರುಕೂ ಇದೆ, ಯಾವುದು ಯಾವುದೆಂದು ನನಗೆ ಗೊತ್ತಾಗಲಿಲ್ಲ. ಅಗ್ಗಿಷ್ಟಿಕೆ ಹೊತ್ತಿಸಿಲ್ಲ. ಕೋಟು ಹಾಕಿಕೊಂಡೇ ಕೂರುತ್ತೇನೆ.

ಮೊನ್ನೆ ನಿನ್ನ ಮನೆ ಹೋಗುವುದರಲ್ಲಿತ್ತು. ತಪ್ಪು ನನ್ನದೇ. ನಮ್ಮ ಕಡೆ ಹೇಗೆ? ಮರ್ಯಾದಸ್ತರು ಕಿಟಕಿಗೆ ಪರದೆ ಎಳೆಯುವುದಿಲ್ಲ, ಎಳೆದರೆ ಒಳಗೇನೋ ಮುಚ್ಚುಮರೆ ಇದೆ ಎಂದು ಬೀದಿಯೆಲ್ಲ ಮಾತು. ಹಾಗೆಯೇ ಒಬ್ಬಳಿಗಾಗಿ ದೀಪ ಉರಿಸುವುದಿಲ್ಲ, ಅದು ದುಂದು. ನಾನು ಎರಡನ್ನೂ ಪಾಲಿಸಿಕೊಂಡು ಸಂಜೆ ಕತ್ತಲಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಪರದೆಯಿಲ್ಲ, ದೀಪವಿಲ್ಲ. ಎದುರು ದಂಡೆಯವರು ಖಾಲಿ ಮನೆ ಎಂದೇ ತಿಳಿದರು.

ಕಳೆದ ಭಾನುವಾರ ಮಧ್ಯಾಹ್ನ ಬಾಗಿಲಿಗೆ ಕಬ್ಬಿಣದ ಸರಳು ಹಾಕಿ ಮೀಟಿದ ಸದ್ದು. ನಾನು ಹಾಸಿಗೆಯ ಅಂಚಲ್ಲಿ ಕೂತು ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದೆ. ಬಾಗಿಲು ಕಿತ್ತು ಬಂತು, ಹಿಂದೆಯೇ ಆರೇಳು ಜನ, ಮುಂದೆ ಒಬ್ಬಳು ಎತ್ತರದ ಹೆಂಗಸು, ಮೂವತ್ತೈದರ ಆಸುಪಾಸು. ಅವಳ ಕಂಕುಳಲ್ಲಿ ಒಂದು ಕುರ್ಚಿ.

"ಅಯ್ಯೋ! ನೀವ್ಯಾರು?" ಅಂದಳು.

"ಬಾಗಿಲು ಮುರಿದು ಬಂದು ನನ್ನನ್ನ ಕೇಳ್ತೀಯಲ್ಲ, ನೀನ್ಯಾರು?"

"ಇಲ್ಲಿ ಯಾರೂ ಇಲ್ಲ ಅಂದ್ಕೊಂಡ್ವಿ."

"ನಾನು ಯಾರೂ ಅಲ್ವಾ ಹಾಗಾದ್ರೆ?"

ಅವಳು ಕೋಣೆಯೆಲ್ಲ ಕಣ್ಣಾಡಿಸಿದಳು. "ಮಂಚ ಇದೆ, ಮೇಜಿದೆ. ಕುರ್ಚಿ ಎಲ್ಲಿ?"

"ಬರೋ ವಾರ ಬರತ್ತೆ." ನಿಜ ಹೇಳಬೇಕೆಂದರೆ ಅದು ಇನ್ನೂ ಡೆಲ್ಫ್‌ಸೈಲಿನಲ್ಲೇ ಇತ್ತು.

ಹಿಂದಿದ್ದ ಗಡ್ಡದವನೊಬ್ಬ, "ಕುರ್ಚಿ ಇಲ್ಲಾಂದ್ರೆ ಲೆಕ್ಕಕ್ಕಿಲ್ಲ, ಲೀನೆಕೆ," ಅಂದ. ಅವಳು ಅವನನ್ನು ಗದರಿದಳು: "ಬಾಯ್ಮುಚ್ಚು. ಅಜ್ಜಿ ಕೋಟು ಹಾಕ್ಕೊಂಡು ಮನೇಲಿ ಊಟ ಮಾಡ್ತಿದಾಳೆ, ಕಾಣಲ್ವಾ?" ಐವತ್ತೆಂಟಕ್ಕೇ ಅಜ್ಜಿಯಾದೆ ನೋಡು! ಆಮೇಲೆ ಕಂಕುಳಲ್ಲಿದ್ದ ಕುರ್ಚಿಯನ್ನು ಮೇಜಿನ ಪಕ್ಕ ಇಟ್ಟು, "ಇಟ್ಕೊಳಿ. ಇಲ್ದಿದ್ರೆ ನಾಳೆ ಇನ್ಯಾರೋ ಬರ್ತಾರೆ. ಸಂಜೆ ದೀಪ ಹಾಕಿ ಮಾರಾಯ್ರೇ," ಅಂದಳು. ಹೋಗುವ ಮುಂಚೆ ಕಿತ್ತ ಬಾಗಿಲನ್ನೂ ಅವರೇ ಕೂರಿಸಿ, ಹೊಸ ಬೀಗ ಹಾಕಿ ಹೋದರು. ಕೊಳಾಯಿ ರಿಪೇರಿ ಅವಳ ಕಸುಬಂತೆ. ಎದುರು ದಂಡೆಯ ಹಳೆಯ ಗೋದಾಮನ್ನು ಹೊಕ್ಕು ಅಲ್ಲೇ ಎಲ್ಲರೂ ಇದ್ದಾರೆ.

ಈಗ ನನ್ನ ವಿಷಯ. ಇದನ್ನು ಗಮನವಿಟ್ಟು ಓದು. ಡೆಲ್ಫ್‌ಸೈಲಿನ ನನ್ನ ಬಾಡಿಗೆ ಮನೆ ವಸತಿ ಸಂಘದ್ದು. ಅಲ್ಲಿ ವಾಸವಿಲ್ಲದೆ ಇಟ್ಟುಕೊಳ್ಳುವಂತಿಲ್ಲ, ಸಾಲಿನಲ್ಲಿ ಎಷ್ಟೋ ಸಂಸಾರ ಕಾದಿವೆ. ವರ್ಷದ ಕೊನೆಗೆ ಉತ್ತರ ಕೊಡಿ, ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ ಎಂದು ಕೇಳಿದ್ದಾರೆ. ಒಮ್ಮೆ ಬಿಟ್ಟರೆ ನನ್ನ ವಯಸ್ಸಿನವಳಿಗೆ ಇನ್ನೊಂದು ಸಿಗುವುದಿಲ್ಲ. ನಾವಿಬ್ಬರೂ ಇಲ್ಲಿ ಇರುವುದು ಖಂಡಿತವೋ ಅಲ್ಲವೋ? ಒಂದೇ ಮಾತು ಬರೆ.

ನಿನ್ನ ಅಕ್ಕ,
ಫೆನ್ನಾ


ಸುರಬಾಯಾ
20 ಡಿಸೆಂಬರ್ 1980

ಪ್ರೀತಿಯ ಅಕ್ಕಾ,

ತಡವಾಯಿತು, ಕ್ಷಮಿಸು. ಹೂಳೆತ್ತುವ ಹಡಗಿನ ಪಂಪು ಒಡೆದು ಹೋಯಿತು, ಹೊಸದು ರಾಟರ್‌ಡಾಮಿನಿಂದ ಬರಬೇಕು. ಹಾಗಾಗಿ ಕ್ರಿಸ್‌ಮಸ್‌ಗೆ ಬರಲಾಗುತ್ತಿಲ್ಲ. ನನಗೂ ಬೇಜಾರು. ಈಸ್ಟರಿಗೆ ನೋಡೋಣ.

ಕುರ್ಚಿಯ ಕಥೆ ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಲಸ್ತ್ರಿಗೂ ಬಿಡಿಸಿ ಹೇಳಿದೆ. "ನಿಮ್ಮ ಅಕ್ಕ ಒಬ್ಬರೇ ಅಷ್ಟು ಚಳಿಯಲ್ಲಿ ಯಾಕೆ ಕೂತಿದಾರೆ?" ಎಂದು ಕೇಳಿದಳು. ಇಲ್ಲಿಯವರಿಗೆ ನಮ್ಮ ಊರಿನ ರೀತಿ ಅರ್ಥವಾಗುವುದಿಲ್ಲ.

ಅಮೃತಶಿಲೆಯ ಬಿರುಕಿಗೆ ಸಿಮೆಂಟು ಹಚ್ಚಿಸಬೇಡ, ಅದಕ್ಕೆ ಬೇರೆ ಕೆಲಸಗಾರರಿದ್ದಾರೆ. ಹಿಂದಿನ ಕೋಣೆ ನಿನ್ನದೇ, ನಿನಗೆ ಬೇಕಾದ ಬಣ್ಣ ಬಳಿಸಿಕೋ. ಬೆಳಗ್ಗೆ ಅಲ್ಲಿ ಬಿಸಿಲು ಬರುತ್ತದೆಯೇ? ಡೆಲ್ಫ್‌ಸೈಲಿನ ವಿಷಯ ನಿನಗೆ ಸರಿ ಕಂಡಂತೆ ಮಾಡು. ನೀನು ಯಾವತ್ತೂ ನನಗಿಂತ ಜಾಣೆ.

ಹೊಸ ವರ್ಷದ ಶುಭಾಶಯ.
ರೈಂಡರ್


ಆಮ್‌ಸ್ಟರ್‌ಡಾಮ್
18 ಜನವರಿ 1981

ಪ್ರಿಯ ರೈಂಡರ್,

ನಿನ್ನ ಕಾಗದ ವರ್ಷ ಮುಗಿಯುವ ಹಿಂದಿನ ದಿನ ಕೈ ಸೇರಿತು. ಹಿಂದಿನ ಕೋಣೆ ನಿನ್ನದೇ ಎಂದು ಬರೆದಿದ್ದೀಯಲ್ಲ, ನನಗೆ ಅಷ್ಟು ಸಾಕು. ಮರುದಿನವೇ ಮೊದಲ ರೈಲಿಗೆ ಡೆಲ್ಫ್‌ಸೈಲಿಗೆ ಹೋಗಿ ಅಲ್ಲಿಯ ಕೆಲಸ ಮುಗಿಸಿ ಬಂದೆ. ಪಕ್ಕದ ಮನೆಯವರು ಹೊಸ ವರ್ಷಕ್ಕೆಂದು ಕರಿದ ಬಿಸಿ ಬಿಸಿ ಎಣ್ಣೆಯುಂಡೆ ತಂದುಕೊಟ್ಟು, "ನಿನಗೇನಮ್ಮಾ, ಇನ್ಮೇಲೆ ಕಾಲುವೆ ಸಾಹುಕಾರ್ತಿ," ಎಂದು ಹಾಸ್ಯ ಮಾಡಿದರು. ನಕ್ಕೆ. ರೈಲು ಹತ್ತಿದ ಮೇಲೆ ಸ್ವಲ್ಪ ಅತ್ತೆ, ಸುಮ್ಮನೆ ಹೇಳುತ್ತಿದ್ದೇನೆ.

ಅಮ್ಮನ ದೊಡ್ಡ ಕಪಾಟು ಇಲ್ಲಿಗೇ ಬಂತು. ಮೆಟ್ಟಿಲು ಏಣಿಯಷ್ಟು ಕಡಿದು, ಅದರಲ್ಲಿ ಹೇಗೆ ಬರಬೇಕು? ಲೀನೆಕೆ ತನ್ನ ಜನರನ್ನು ಕರೆತಂದು, ಮನೆ ನೆತ್ತಿಯ ತೊಲೆಗೆ ರಾಟೆ ಕಟ್ಟಿ, ಹಗ್ಗ ಹಾಕಿ ಕಿಟಕಿಯಿಂದ ಎಳೆದುಕೊಂಡಳು. ನಿನ್ನ ಹಳೆಯ ಗಾಜಿಗೆ ಏನೂ ಆಗಿಲ್ಲ, ಹೆದರಬೇಡ. ಎಲ್ಲರಿಗೂ ಬಟಾಣಿ ಸಾರು ಮಾಡಿ ಬಡಿಸಿದೆ. ಈ ಮನೆಯಲ್ಲಿ ನಾನು ಬೇರೆಯವರ ಜೊತೆ ಕೂತು ಉಂಡದ್ದು ಅದೇ ಮೊದಲು.

ಕೋಣೆಗೆ ತಿಳಿ ಹಳದಿ ಬಳಿದೆ. ಬೆಳಗ್ಗೆ ಬಿಸಿಲು ಬರುತ್ತದೆ, ಜನವರಿಯಲ್ಲಿ ಬಂದಷ್ಟು. ಸ್ವಲ್ಪ ಶೀತ ಆಗಿದೆ, ಅಷ್ಟೆ.

ಫೆನ್ನಾ


ಸುರಬಾಯಾ
1 ಮಾರ್ಚ್ 1981

ಪ್ರೀತಿಯ ಅಕ್ಕಾ,

ಕಪಾಟು ತರಿಸಿದ್ದು ಒಳ್ಳೆಯದಾಯಿತು, ಕೋಣೆ ತುಂಬಿದಂತೆ ಕಾಣುತ್ತದೆ. ಮನೆಗೆ ಹೋಗಿ ಬಂದು ಮನಸ್ಸು ಹಗುರವಾಗಿರಬೇಕು.

ಈಸ್ಟರಿಗೆ ಬರುವುದು ಕಷ್ಟ. ಕೆಲಸ. ವಿವರ ಆಮೇಲೆ ಬರೆಯುತ್ತೇನೆ.

ಹೂಗೆಂಬೋಸ್ ಎಂಬ ದಲ್ಲಾಳಿ ಕೆಲವರನ್ನು ಕರೆದುಕೊಂಡು ಬರಬಹುದು. ಮನೆಗೆ ಈಗ ಎಷ್ಟು ಬೆಲೆ ಎಂದು ತಿಳಿದಿರಲಿ ಎಂದು ಅಷ್ಟೆ. ಅವರು ಬಂದಾಗ ಪರದೆ ಸರಿಸಿಡು.

ರೈಂಡರ್


ಆಮ್‌ಸ್ಟರ್‌ಡಾಮ್
29 ಮಾರ್ಚ್ 1981

ಪ್ರಿಯ ರೈಂಡರ್,

ಇಷ್ಟು ಪುಟ್ಟ ಕಾಗದ ನೀನು ಸೈನ್ಯದಲ್ಲಿದ್ದಾಗಲೂ ಬರೆದಿರಲಿಲ್ಲ. ಮೈ ಚೆನ್ನಾಗಿಲ್ಲವೇ? ಮುಚ್ಚಿಡಬೇಡ.

ನಿನ್ನ ದಲ್ಲಾಳಿ ಮೂರು ಸಲ ಬಂದ. ಬೆಲೆ ಕಟ್ಟುವುದು ವಿಮೆಗೇ ಇರಬೇಕೆಂದು ಕಾಫಿ ಕೊಟ್ಟೆ, ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚಿದೆ. ಕೊನೆಗೆ ಬಂದವರು ಸೂಟು ಹಾಕಿದ್ದರು. ಒಬ್ಬ ನನ್ನ ಕೋಣೆಯನ್ನು ಹೆಜ್ಜೆ ಹಾಕಿ ಅಳೆದು, "ಇಲ್ಲಿ ಟೈಪಿಸ್ಟುಗಳನ್ನ ಕೂರಿಸಬಹುದು," ಅಂದ. "ಇಲ್ಲಿ ನಾನು ಮಲಗ್ತೀನಪ್ಪಾ," ಅಂದೆ. ದಲ್ಲಾಳಿ ಕೆಮ್ಮಿ ಕಿಟಕಿ ಕಡೆ ತಿರುಗಿದ.

ಲೀನೆಕೆಗೆ ಹೇಳಿದರೆ, "ಅಜ್ಜೀ, ಇದು ವಿಮೆ ಅಲ್ಲ, ಮಾರಾಟ," ಅಂದಳು. "ನಮ್ಮ ರೈಂಡರ್ ಅಂಥವನಲ್ಲ," ಎಂದು ರೇಗಿದೆ. ಅವಳ ಮೇಲೆ ರೇಗಬಾರದಿತ್ತು. ಫೆಬ್ರವರಿಯಿಡೀ ನಾನು ಎದೆ ಕಫ ಕಟ್ಟಿ ಮಲಗಿದ್ದಾಗ ಈ ಏಣಿ ಮೆಟ್ಟಿಲು ಹತ್ತಿ ಸಾರು ತಂದುಕೊಟ್ಟವಳು ಅವಳು. ನಿನಗೆ ಶೀತ ಎಂದು ಬರೆದಿದ್ದೆ. ಶೀತ ಆಗಿರಲಿಲ್ಲ.

ತುಂಬ ದಣಿದಿದ್ದೇನೆ ಕಣೋ. ಮನೆ ಕಾಯುವುದು ಕೆಲಸವೇ ಅಲ್ಲ ಎಂದುಕೊಂಡಿದ್ದೆ. ಏನೂ ಮಾಡದೆ ಕೂತೇ ಮೈಯೆಲ್ಲ ಸೋತು ಹೋಗಿದೆ. ಯಾವಾಗ ಬರುತ್ತೀಯ?

ಫೆನ್ನಾ


ಸುರಬಾಯಾ
9 ಮೇ 1981

ಪ್ರೀತಿಯ ಅಕ್ಕಾ,

ಈ ಕಾಗದವನ್ನು ಎಷ್ಟು ಸಲ ಬರೆದು ಹರಿದೆನೋ. ನೇರವಾಗಿಯೇ ಹೇಳುತ್ತೇನೆ. ಫೆಬ್ರವರಿಯಲ್ಲಿ ಲಸ್ತ್ರಿಯನ್ನು ಮದುವೆಯಾದೆ. ಮೊದಲೇ ತಿಳಿಸಬೇಕಿತ್ತು, ಧೈರ್ಯ ಬರಲಿಲ್ಲ. ಐವತ್ತೈದು ದಾಟಿದವನಿಗೆ ಈ ಚಪಲ ಯಾಕೆ ಎಂದು ನೀನು ನಗುತ್ತೀಯ ಎನಿಸಿತು. ಅವಳು ಈ ಊರು ಬಿಟ್ಟು ಬರುವವಳಲ್ಲ. ನನಗೂ ಇನ್ನು ಚಳಿ ಬೇಡ. ಇಲ್ಲೇ ಗುಡ್ಡದ ಮೇಲೆ ಒಂದು ಮನೆ ಕಟ್ಟಿಸುತ್ತಿದ್ದೇವೆ.

ಕಾಲುವೆ ಮನೆಯನ್ನು ಮಾರಿದೆ. ಒಂದು ಕಂಪನಿ ಕಚೇರಿಗೆಂದು ತೆಗೆದುಕೊಂಡಿದೆ. ಜುಲೈ ಒಂದಕ್ಕೆ ಪೂರ್ತಿ ಖಾಲಿ ಮಾಡಿ ಕೊಡಬೇಕು.

ನಿನ್ನ ಕಾಗದಗಳಲ್ಲೇ ನೀನೆಷ್ಟು ದಣಿದಿದ್ದೀಯ ಎಂದು ಕಾಣುತ್ತದೆ. ನನ್ನಿಂದಾಗಿ ನಿನಗೆ ಒಂದು ಚಳಿಗಾಲ ಹಾಳಾಯಿತು. ಇನ್ನು ಸಾಕು. ಡೆಲ್ಫ್‌ಸೈಲಿನ ನಿನ್ನ ಮನೆಗೆ ಹೋಗಿ ನೆಮ್ಮದಿಯಾಗಿರು. ಕಪಾಟು ಸಾಗಿಸುವ ಖರ್ಚು ನನ್ನದು.

ನಿನ್ನ ತಮ್ಮ,
ರೈಂಡರ್


ಆಮ್‌ಸ್ಟರ್‌ಡಾಮ್
18 ಮೇ 1981

ರೈಂಡರ್,

ಮದುವೆಯಾಗಿದ್ದಕ್ಕೆ ನಾನು ನಗುತ್ತಿರಲಿಲ್ಲ. ಸಂತೋಷಪಡುತ್ತಿದ್ದೆ. ಈಗಲೂ ಒಂದು ಮೂಲೆಯಲ್ಲಿ ಸಂತೋಷವೇ ಇದೆ, ಅದನ್ನು ಹುಡುಕಿ ತೆಗೆಯುವ ಶಕ್ತಿ ಇಲ್ಲ ಅಷ್ಟೆ.

ಯಾವ ಡೆಲ್ಫ್‌ಸೈಲಿನ ಮನೆ? ನನಗೆ ಮನೆ ಇಲ್ಲ. ನವೆಂಬರಿನಲ್ಲಿ ನಿನ್ನನ್ನು ಕೇಳಿದೆ, ಇಟ್ಟುಕೊಳ್ಳಲೋ ಬಿಡಲೋ ಎಂದು. ನೀನು ಹಿಂದಿನ ಕೋಣೆಗೆ ಬಣ್ಣ ಬಳಿಸು ಎಂದೆ. ವರ್ಷದ ಕೊನೆಯ ದಿನ ಅಲ್ಲಿಯ ಬೀಗದ ಕೈಯನ್ನು ಸಂಘಕ್ಕೆ ಹಿಂದಿರುಗಿಸಿ ಬಂದೆ. ಈಗ ಅಲ್ಲಿ ಮೂರು ಮಕ್ಕಳ ಸಂಸಾರವೊಂದು ಇದೆ. ಮೊನ್ನೆ ಸಂಘಕ್ಕೆ ಫೋನು ಮಾಡಿದರೆ ಆ ಹುಡುಗಿ, "ಮತ್ತೆ ಸಾಲಿನ ಕೊನೇಗೆ ನಿಲ್ಬೇಕಾಗತ್ತೆ ಅಮ್ಮಾ, ಒಂದೆಂಟು ವರ್ಷ," ಎಂದಳು. ಪಾಪ, ಮೆಲ್ಲಗೇ ಹೇಳಿದಳು.

ಲೀನೆಕೆ ಸಿಟ್ಟಿಗೆ ಕುಣಿದಾಡುತ್ತಿದ್ದಾಳೆ. "ನೀವು ಏಳ್ಬೇಡಿ. ಎಂಟು ತಿಂಗಳಿಂದ ವಾಸ ಇದೀರಿ. ಕಂಪನಿಯೋರು ಬರ್ಲಿ, ಪೊಲೀಸರು ಬರ್ಲಿ, ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ಕೊಳಿ. ನಿಮ್ಮನ್ನ ಎಬ್ಬಿಸ್ಬೇಕಾದ್ರೆ ಅವರಿಗೆ ಎರಡು ವರ್ಷ ಬೇಕು," ಅನ್ನುತ್ತಾಳೆ. ಕಾನೂನೂ ಹಾಗೆಯೇ ಇದೆಯಂತೆ, ವಕೀಲರೊಬ್ಬರನ್ನು ಕೇಳಿಯೂ ಬಂದಳು. ಯಾರೂ ಹೊಕ್ಕು ಕೂರಬಾರದೆಂದು ನೀನು ಕೂರಿಸಿದ ನಾನೇ ಈಗ ಹೊಕ್ಕು ಕೂತವಳು. ನಾನು ಏಳದಿದ್ದರೆ ನಿನ್ನ ಮಾರಾಟ ಮುರಿಯುತ್ತದೆ, ಗುಡ್ಡದ ಮೇಲಿನ ಮನೆಯೂ ಅರ್ಧಕ್ಕೆ ನಿಲ್ಲುತ್ತದೆ.

ಏನು ಮಾಡಲಿ, ನೀನೇ ಹೇಳು.

ಫೆನ್ನಾ


ಸುರಬಾಯಾ
27 ಮೇ 1981

ಅಕ್ಕಾ,

ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಎಲ್ಲ ಬರೆದಿದ್ದೀಯ. ನಾನು ಚಾವಣಿ, ಗಾಜು, ಅಮೃತಶಿಲೆ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಮಾತ್ರ ಓದಿಕೊಂಡು ಬಂದೆ. ನನ್ನನ್ನು ಎಷ್ಟು ಬೈದರೂ ಸರಿಯೇ.

ಆದರೆ ಸಹಿ ಆಗಿಹೋಗಿದೆ. ಗುಡ್ಡದ ಮನೆಗೆ ಗೋಡೆ ಎದ್ದಿದೆ. ದಯವಿಟ್ಟು ಹಠ ಹಿಡಿಯಬೇಡ. ನೀನು ಇಲ್ಲಿಗೇ ಬಂದುಬಿಡು. ಲಸ್ತ್ರಿಯೇ ಹೇಳಿದಳು, "ಅಕ್ಕನನ್ನ ಕರೆಸಿ, ಇಲ್ಲಿ ಚಳಿ ಇಲ್ಲ," ಎಂದು. ಹೊಸ ಮನೆಯಲ್ಲಿ ಹಿಂದಿನ ಕೋಣೆ ಖಾಲಿ ಇರುತ್ತದೆ, ಅದು ನಿನ್ನದೇ. ಟಿಕೆಟು ಕಳುಹಿಸಲೇ? ಒಂದೇ ಮಾತು ಬರೆ.

ರೈಂಡರ್


ಆಮ್‌ಸ್ಟರ್‌ಡಾಮ್
5 ಜುಲೈ 1981

ಪ್ರಿಯ ರೈಂಡರ್,

ನಿನ್ನ ಮನೆ ಖಾಲಿ ಮಾಡಿ ಕೊಟ್ಟೆ. ಕಿಟಕಿ ತೊಳೆದು, ನೆಲ ಒರೆಸಿ, ಬೀಗದ ಕೈಯನ್ನು ದಲ್ಲಾಳಿಯ ಕೈಗೆ ಹಾಕಿದೆ. ಅವನು ತಲೆ ಎತ್ತಲಿಲ್ಲ. ನಿನ್ನ ಮಾರಾಟ ನಿನಗಾಯಿತು. ಗೋಡೆ ಏಳಲಿ, ಸೂರು ಕೂರಲಿ, ಇಬ್ಬರೂ ಚೆನ್ನಾಗಿರಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ಕೂತುಬಿಡಬಹುದಿತ್ತು. ಲೀನೆಕೆ ಇವತ್ತಿಗೂ ನನ್ನನ್ನು ಪೆದ್ದಿ ಎಂದೇ ಬೈಯುತ್ತಾಳೆ. ನಿನ್ನ ಮೇಲಿನ ಪ್ರೀತಿಗೆ ಎದ್ದೆ ಎಂದುಕೊಳ್ಳಬೇಡ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಸಾಕಾಯಿತು, ಅದಕ್ಕೆ ಎದ್ದೆ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಕೂತು ಇನ್ನೆರಡು ವರ್ಷ ಬಾಗಿಲ ಸದ್ದಿಗೆ ಕಿವಿ ಕೊಡಲು ನನ್ನಿಂದಾಗುವುದಿಲ್ಲ.

ಸುರಬಾಯಾಕ್ಕೆ ಬರುವುದಿಲ್ಲ. ಲಸ್ತ್ರಿಗೆ ನನ್ನ ನಮಸ್ಕಾರ ಹೇಳು. ಅವಳು ಒಳ್ಳೆಯವಳು ಎಂದು ಮೊದಲ ಸಲ ಅವಳ ಮಾತು ಬರೆದಾಗಲೇ ನನಗೆ ತಿಳಿಯಿತು. ನನಗೆ ಇನ್ನೊಂದು ಹಿಂದಿನ ಕೋಣೆ ಬೇಡ.

ಎದುರು ದಂಡೆಯ ಗೋದಾಮಿಗೆ ಬಂದಿದ್ದೇನೆ. ಹೌದು, ಅದೇ ಬಾಗಿಲು ಮುರಿಯುವವರ ಮನೆ. ಇಲ್ಲಿ ಯಾರನ್ನಾದರೂ ಸೇರಿಸಿಕೊಳ್ಳಬೇಕಾದರೆ ಎಲ್ಲರೂ ಕೂತು ಸಭೆ ಮಾಡುತ್ತಾರೆ. ಸಿಗರೇಟು ಹೊಗೆಯಲ್ಲಿ ಕಣ್ಣುರಿದು ಹೋಯಿತು. ಗಡ್ಡದವನು, "ಎಷ್ಟು ದಿನ ಇರ್ತೀರಾ?" ಎಂದು ಕೇಳಿದ. "ಗೊತ್ತಿಲ್ಲಪ್ಪಾ," ಅಂದೆ. "ಗೊತ್ತಾಗೋವರೆಗೂ ಇರಿ," ಅಂದ. ಅಷ್ಟಕ್ಕೆ ನನಗೆ ಅಳು ಬಂತು. ಅವನು ಗಾಬರಿಯಾಗಿ, "ನಾನೇನು ಅಂದೆ ಈಗ?" ಎಂದು ಎಲ್ಲರ ಮುಖ ನೋಡಿದ. ನೆಲಮಾಳಿಗೆ ಒದ್ದೆ, ಬಿಸಿನೀರು ಬರುವುದು ಲೀನೆಕೆ ಪೈಪಿಗೆ ಒದ್ದಾಗ ಮಾತ್ರ, ಅಡುಗೆ ಸರದಿಯ ಮೇಲೆ. ಗುರುವಾರ ನನ್ನದು. ಹದಿಮೂರು ಜನ ಉಣ್ಣುತ್ತಾರೆ, ಒಬ್ಬರಿಗೂ ಆಲೂಗಡ್ಡೆ ಬೇಯಿಸಲು ಬರುವುದಿಲ್ಲ. ಇವರನ್ನೂ ಒಂದು ದಿನ ಇಲ್ಲಿಂದ ಎಬ್ಬಿಸುತ್ತಾರೆ, ನನಗೆ ಗೊತ್ತು. ಆಗ ಎಲ್ಲರೂ ಒಟ್ಟಿಗೆ ಬೀದಿಗೆ ಬೀಳುತ್ತೇವೆ.

ಎದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ನಿನ್ನೆ ಈ ಬೀದಿಯ ಡಾಕ್ಟರರ ಹತ್ತಿರ ಹೋಗಿ ಹೆಸರು ಬರೆಸಿ ಬಂದೆ. ನರ್ಸು ವಯಸ್ಸು ಕೇಳಿದಳು, ವಿಳಾಸ ಕೇಳಿದಳು. ಕೊನೆಗೆ, "ನಿಮಗೇನಾದ್ರೂ ಆದ್ರೆ ಯಾರಿಗೆ ತಿಳಿಸ್ಬೇಕು?" ಅಂದಳು. ಬಾಯಿಗೆ ನಿನ್ನ ಹೆಸರೇ ಬಂದಿತ್ತು. ಲೀನೆಕೆಯ ಹೆಸರು ಬರೆಸಿದೆ.

ಫೆನ್ನಾ